ಅರವತ್ತನಾಲ್ಕು ಮೆಟ್ಟಿಲು

ನವೆಂಬರ್ 18, ಸೋಮವಾರ

ಬೆಳಿಗ್ಗೆ 220. ಸಂಜೆ 210.

ಈ ಎರಡು ನಂಬರು ದಿನಾ ಬರೆದಿಡಿ ಅಂತ ಡಾಕ್ಟರ್ ಮಾಲಿನಿ ಮೇಡಂ ಹೇಳಿದ್ದಾರೆ. ಕೊಳ್ಳೇಗಾಲದ ಮೆಡಿಕಲ್ಲಿನಲ್ಲಿ ಒಂದು ಊದೋ ಕೊಳವೆ ತಕೊಂಡು ಬಂದೆ. ಪ್ಲಾಸ್ಟಿಕ್ಕಿನದು. ಬಾಯಿಗಿಟ್ಟು ಜೋರಾಗಿ ಊದಿದರೆ ಮುಳ್ಳು ಮುಂದಕ್ಕೆ ಹೋಗಿ ನಿಂತುಕೊಳ್ಳುತ್ತದೆ. ನನ್ನ ಎತ್ತರಕ್ಕೆ, ವಯಸ್ಸಿಗೆ ಐನೂರರ ಹತ್ತಿರ ಹೋಗಬೇಕಂತೆ. ನಂದು ಅರ್ಧಕ್ಕೂ ಹೋಗಲಿಲ್ಲ. ಮೂರನೇ ಸಲ ಊದುವಾಗ ತಲೆ ಸುತ್ತಿ ಗೋಡೆ ಹಿಡಿದುಕೊಂಡೆ.

ಬರೆಯುವುದಕ್ಕೆ ಬೇರೆ ಪುಸ್ತಕ ಇರಲಿಲ್ಲ. ಪಂಚಾಯ್ತಿಯವರು ಕೊಟ್ಟ ಹಳೇ ನೀರಿನ ರಿಜಿಸ್ಟರಿನಲ್ಲಿ ಹಾಳೆ ಉಳಿದಿದ್ದವು. ಮೊದಲಿನ ಪುಟಗಳಲ್ಲಿ ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಟ್ಟೆ ಅಂತ ಇದೆ. ಇಲ್ಲಿಂದಾಚೆಗೆ ನನಗೆ ಎಷ್ಟು ಗಾಳಿ ಬಂತು ಅಂತ.

ಉಬ್ಬಸಕ್ಕೆ ಬಾಯಲ್ಲಿ ಎಳೆಯುವ ಪಂಪು ಎರಡು ಕೊಟ್ಟಿದ್ದಾರೆ. ನೀಲಿ ಪಂಪು ಉಸಿರು ಕಟ್ಟಿದಾಗ. ಕಂದು ಪಂಪು ಚೆನ್ನಾಗಿದ್ದರೂ ದಿನಾ ಎರಡು ಹೊತ್ತು. ಕಂದು ಪಂಪು ಹೋದ ವರ್ಷವೇ ಕೊಟ್ಟಿದ್ದರು. ಉಬ್ಬಸ ಇಲ್ಲದ ದಿನ ಯಾಕೆ ಎಳೆಯಬೇಕು ಅಂತ ಮದುವೆ ಸೀರೆ ಹಂಗೆ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೆ. ಅದನ್ನು ಕೇಳಿ ಮೇಡಂ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಏನು ಕೆಲಸ ಅಂತ ಕೇಳಿದರು. ಕುಂತೂರು ಪಕ್ಕದ ಊರಲ್ಲಿ ನೀರುಗಂಟಿ ಅಂದೆ.

"ಹಾಗಾದ್ರೆ ಟ್ಯಾಂಕ್ ಹತ್ತುತ್ತೀರಿ?"

ಹೂಂ ಅಂದುಬಿಟ್ಟೆ.

ಮೇಡಂಗೆ ಬಹಳ ಖುಷಿಯಾಯಿತು. ಟ್ಯಾಂಕು ಹತ್ತುವವರಿಗೆ ನಡೆಯುವುದು ಯಾವ ಲೆಕ್ಕ, ದಿನಾ ಅರ್ಧ ಗಂಟೆ ನಡೀರಿ ಅಂತ ಚೀಟಿಯಲ್ಲೇ ಬರೆದರು. ಮೊದಲ ಐದು ನಿಮಿಷ ಮೆಲ್ಲಗೆ, ಕೊನೇ ಐದು ನಿಮಿಷ ಮೆಲ್ಲಗೆ. ಹೊರಡುವ ಕಾಲು ಗಂಟೆ ಮುಂಚೆ ನೀಲಿ ಪಂಪು.

ನಲವತ್ತಮೂರು ವರ್ಷ ಎಲ್ಲರೂ ನನಗೆ ಕೂತ್ಕೊ ಅಂದವರೇ. ನಡಿ ಅಂದವರು ಇವರೊಬ್ಬರೇ, ಅದೂ ನಾನು ಸುಳ್ಳು ಹೇಳಿದ್ದಕ್ಕೆ. ಆರು ವರ್ಷದಿಂದ ಟ್ಯಾಂಕು ಹತ್ತುತ್ತಿರುವುದು ನನ್ನ ಹೆಂಡತಿ ರೂಪ. ಇದನ್ನು ಇಲ್ಲಿ ಬರೆದದ್ದು ತಪ್ಪಾಯಿತೇನೋ. ಪುಸ್ತಕ ಯಾರ ಕೈಗಾದರೂ ಸಿಕ್ಕಿದರೆ ಕೆಲಸ ಹೋಗುತ್ತದೆ. ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತೇನೆ. ಅಲ್ಲಿ ಇಲಿ ಕಡಿದರೆ?

ನವೆಂಬರ್ 20, ಬುಧವಾರ

220. 220.

ನಾಲೆ ಏರಿ ಮೇಲೆ ನಡೆದೆ. ಜೊತೆಗೆ ಹನುಮಯ್ಯಣ್ಣ. ಮೊದಲು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಈಗ ಶುಗರ್ ಬಂದು ದಿನಾ ನಡೆಯುತ್ತಾನೆ. ವಯಸ್ಸು ಅರವತ್ತೆರಡು. ನನಗಿಂತ ಮುಂದೆ ಹೋಗಿ, ನಿಂತು, ಬೀಡಿ ಇಲ್ಲದ ಬಾಯಲ್ಲಿ ಶಿಳ್ಳೆ ಹಾಕುತ್ತಾನೆ.

ಜೇಬಲ್ಲಿ ನೀಲಿ ಪಂಪು, ಮೊಬೈಲು, ರೂಪನ ನಂಬರು ಬರೆದ ಚೀಟಿ, ಒಂದು ಬಾಟಲಿ ನೀರು. ಮೊಬೈಲು ನೀರಿಗೆ ಬಿದ್ದರೆ ಇರಲಿ ಅಂತ ಚೀಟಿ. ನಾನೇ ನೀರಿಗೆ ಬಿದ್ದರೆ ಚೀಟಿಯೂ ನೆನೆಯುತ್ತದೆ ಅಂತ ಅರ್ಧ ದಾರಿಯಲ್ಲಿ ಹೊಳೆಯಿತು.

"ನೀನು ನಡೆಯಕ್ಕೆ ಬಂದಿದ್ದೀಯೋ ಊರು ಬುಟ್ಟು ಓಯ್ತಿದ್ದೀಯೋ?" ಅಂದ ಹನುಮಯ್ಯಣ್ಣ.

ಸೂಲಂಗಿ ಹೂವು ಬಿಟ್ಟ ಕಬ್ಬಿನ ಗದ್ದೆ ಪಕ್ಕ ಹನ್ನೊಂದು ಸೀನು ಬಂತು. ಇಸ್ಕೂಲಲ್ಲಿ ಆಟದ ಪಿರಿಯಡ್ಡಿನಲ್ಲಿ ಪಿ.ಟಿ. ಮೇಷ್ಟ್ರು ನನ್ನನ್ನು ಹೊಂಗೆ ಮರದ ಕೆಳಗೆ ಕೂರಿಸಿ ಎಲ್ಲರ ಚಪ್ಪಲಿ ಕಾಯಲು ಬಿಡುತ್ತಿದ್ದರು. ಓಡಿದರೆ ಉಬ್ಬಸ ಬರುತ್ತದೆ ಅಂತ. ಆ ಹೊಂಗೆ ಹೂವಿಗೇ ನನಗೆ ಹೆಚ್ಚು ಸೀನು ಬರುತ್ತಿದ್ದದ್ದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪ್ರತಿ ಚಳಿಗಾಲ ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿ ಎಂಟನೇ ಕ್ಲಾಸಿಗೆ ಓದು ನಿಂತಿತು. ಚಪ್ಪಲಿ ಮಾತ್ರ ಒಂದೂ ಕಳೆದಿರಲಿಲ್ಲ.

ಡಿಸೆಂಬರ್ 1, ಭಾನುವಾರ

240. 220.

ತಿಂಗಳ ಮೊದಲನೇ ಭಾನುವಾರ. ಟ್ಯಾಂಕು ತೊಳೆಯುವ ದಿನ.

ಊರು ಏಳುವ ಮುಂಚೆ ಐದೂವರೆಗೆ ಹೋದೆವು. ರೂಪ ನನ್ನ ಹಳೇ ಪ್ಯಾಂಟು ಹಾಕಿ, ಮೇಲೆ ಸೀರೆ ಎತ್ತಿ ಕಟ್ಟಿ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಹತ್ತಿದಳು. ಚೀಲದಲ್ಲಿ ಬ್ರಷ್ಷು, ಬ್ಲೀಚಿಂಗ್ ಪೌಡರು, ಅವಳ ಸಾಮಾನು. ಕಬ್ಬಿಣದ ಮೆಟ್ಟಿಲು ಅರವತ್ತನಾಲ್ಕು. ಮಧ್ಯೆ ಮೂವತ್ತೆರಡಕ್ಕೆ ನಿಲ್ಲಲು ಒಂದು ಕಟ್ಟೆ. ನಾನು ಕೆಳಗೆ ಕಂಬಿ ಹಿಡಿದುಕೊಂಡು ನಿಂತಿರುತ್ತೇನೆ. ಅವಳು ಬಿದ್ದರೆ ನಾನು ಕಂಬಿ ಹಿಡಿದು ಏನು ಮಾಡಿಯೇನು, ಗೊತ್ತಿಲ್ಲ. ಬಿಟ್ಟರೆ ಬೀಳುತ್ತಾಳೆ ಅನ್ನಿಸುತ್ತದೆ.

ಆರು ವರ್ಷದ ಹಿಂದೆ ಅಪ್ಪನ ಕೆಲಸ ನನಗೆ ಬಂದಾಗ ಮೊದಲ ದಿನವೇ ಹತ್ತಿದ್ದೆ. ಇಪ್ಪತ್ತನೇ ಮೆಟ್ಟಿಲಲ್ಲಿ ಉಸಿರು ಕಟ್ಟಿ, ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ಅಲ್ಲೇ ತಬ್ಬಿಕೊಂಡಿದ್ದೆ. ರೂಪ ಬಂದು ಒಂದೊಂದೇ ಕಾಲು ಹಿಡಿದು ಇಳಿಸಿದಳು. ಆಮೇಲೆ ಮಾತಿಲ್ಲದೆ ಬ್ರಷ್ಷು ತಕೊಂಡು ಅವಳೇ ಹತ್ತಿದಳು. ಅವತ್ತಿಂದ ಹಂಗೇ ನಡೆದಿದೆ.

ಬ್ರಷ್ಷಿನ ಸದ್ದು ಒಂದು ಗಂಟೆ ಬರುತ್ತದೆ. ಅದು ನಿಂತ ಮೇಲೆ ಹತ್ತು ನಿಮಿಷ ಏನೂ ಸದ್ದಿರುವುದಿಲ್ಲ. ನನಗೆ ಜೀವ ಹೋಗುವುದು ಆ ಹತ್ತು ನಿಮಿಷದಲ್ಲಿ. ಮೆಲ್ಲಗೆ ರೂಪಾ ರೂಪಾ ಅಂತ ಕೂಗುತ್ತೇನೆ. ಜೋರಾಗಿ ಕೂಗುವಂತಿಲ್ಲ, ಊರು ಏಳುತ್ತದೆ. ಉತ್ತರ ಬರುವುದಿಲ್ಲ. ಕಾಲು ಜಾರಿತೋ, ಪೌಡರಿನ ಘಾಟಿಗೆ ತಲೆ ಸುತ್ತಿತೋ. ಆಮೇಲೆ ಇಳಿದು ಬರುತ್ತಾಳೆ, ಏನೂ ಆಗದವರ ಹಂಗೆ.

ಇವತ್ತೂ ಹಂಗೇ ಆಯಿತು. ಮನೆಗೆ ಬಂದು ಟೀ ಕುಡಿಯುವಾಗ ಮತ್ತೆ ಲೋಟದ ನೆನಪಾಯಿತು. ನಮ್ಮವ್ವನ ಹೆಸರು 'ದೊಡ್ಡಬಸಮ್ಮ' ಅಂತ ಕೊರೆಸಿದ ಸ್ಟೀಲಿನ ಜೋಡಿ ಲೋಟ. ಅದರಲ್ಲಿ ಒಂದು, ಮೂರು ವರ್ಷದಿಂದ ಕಾಣೆ. ಹನುಮಯ್ಯಣ್ಣನ ಹೆಂಡತಿ ಚೆಲುವಮ್ಮ ಮಗಳ ಶಾಸ್ತ್ರಕ್ಕೆ ನಮ್ಮ ಮನೆಯಿಂದ ಲೋಟ ತಕೊಂಡು ಹೋಗಿದ್ದರು. ಎಣಿಸಿ ವಾಪಸ್ ಕೊಟ್ಟೆ ಅಂತಾರೆ. ನಾನು ಇನ್ನೂ ಎಣಿಸುತ್ತಲೇ ಇದ್ದೇನೆ.

ಡಿಸೆಂಬರ್ 9, ಸೋಮವಾರ

160.

ಬೆಳಿಗ್ಗೆ ಆರಕ್ಕೇ ನಡೆಯಲು ಹೋದೆ. ಮಂಜು. ನಾಲೆ ಆಚೆ ಕಬ್ಬಿನ ತರಗಿಗೆ ಬೆಂಕಿ ಹಾಕಿದ್ದರು. ಮಂಜಿನೊಳಗೆ ಹೊಗೆ ಕಾಣಲೇ ಇಲ್ಲ. ನಾಲಕ್ಕನೇ ಕರೆಂಟ್ ಕಂಬದ ಹತ್ತಿರ ಎದೆ ಹಿಡಿಯಿತು. ಪಂಪು ತೆಗೆಯಲು ಹೋದರೆ ಜೇಬಿನಲ್ಲಿ ಬಾಟಲಿ ಸಿಕ್ಕಿತು, ಚೀಟಿ ಸಿಕ್ಕಿತು, ಪಂಪು ಕಡೆಗೆ ಸಿಕ್ಕಿತು. ಹನುಮಯ್ಯಣ್ಣ ರೂಪನನ್ನು ಕರೆಸಿ, ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಕರಕೊಂಡು ಹೋದ. ಹಿಂದೆ ರೂಪ ನನ್ನ ಬೆನ್ನು ಹಿಡಿದು ಕೂತಿದ್ದಳು.

ನಡಿಗೆ ಸಾಕು. ಕೂತಿದ್ದವನು ಕೂತೇ ಇರಬೇಕಿತ್ತು.

ಡಿಸೆಂಬರ್ 11, ಬುಧವಾರ

210. 230.

ಮಾಲಿನಿ ಮೇಡಂ ಬೈದರು. ನಡೆದದ್ದಕ್ಕಲ್ಲ, ಮಂಜು ಹೊಗೆಯಲ್ಲಿ ನಡೆದದ್ದಕ್ಕೆ. ಇನ್ನು ಮೇಲೆ ಬಿಸಿಲು ಇಳಿಯುವ ಮುಂಚೆ, ನಾಲಕ್ಕೂವರೆಗೆ. ಹೊಗೆ ಕಂಡರೆ ವಾಪಸ್. ಸೀನು ಬರುವ ಜಾಗಕ್ಕೆ ಮಾಸ್ಕು. ಬೆಳಿಗ್ಗೆ ನಂಬರು ಇನ್ನೂರರ ಕೆಳಗಿದ್ದರೆ ಅವತ್ತು ನಡಿಗೆಗೆ ರಜ, ಆಸ್ಪತ್ರೆಗೆ ಬರಬೇಕು. ಕಂದು ಪಂಪು ಬಿಟ್ಟಿದ್ದೀರಾ ಅಂತ ಕೇಳಿದರು. ನಾಲಕ್ಕು ದಿನ ಬಿಟ್ಟಿದ್ದೆ, ಚೆನ್ನಾಗಿದ್ದೆನಲ್ಲ ಅಂತ.

"ಚೆನ್ನಾಗಿರೋದು ಅದರಿಂದಾನೇ ಶಾಂತರಾಜು. ಊರಿಗೆ ನೀರು ಬರ್ತಿದೆ ಅಂತ ನೀವು ಮೋಟ್ರು ಆಫ್ ಮಾಡ್ತೀರಾ?"

ಇದು ಅರ್ಥವಾಯಿತು. ಮೊದಲೇ ಹಿಂಗೆ ಹೇಳಿದ್ದರೆ ಆಗುತ್ತಿತ್ತು.

ಡಿಸೆಂಬರ್ 29, ಭಾನುವಾರ

290. 300.

ಮುನ್ನೂರು. ಕೊಳವೆ ಕೆಟ್ಟಿರಬಹುದು ಅಂತ ರೂಪನ ಕೈಲಿ ಊದಿಸಿದೆ. ಅವಳದು 430. ಕೊಳವೆ ಚೆನ್ನಾಗಿದೆ.

ಹನುಮಯ್ಯಣ್ಣ ಇವತ್ತು ನಡಿಗೆಯಲ್ಲಿ ಹಿಂದೆ ಬಿದ್ದ. ಕಾಲಿಗೆ ಮುಳ್ಳು ಚುಚ್ಚಿತು ಅಂದ. ಮುಳ್ಳು ತೋರಿಸಲಿಲ್ಲ.

ಜನವರಿ 3, ಶುಕ್ರವಾರ

ಊದಲಿಲ್ಲ. ಊದುವ ಸ್ಥಿತಿ ಇಲ್ಲ.

ಪಂಚಾಯ್ತಿಗೆ ಹೊಸದಾಗಿ ಬಂದಿರುವ ಪಿಡಿಓ ಜ್ಯೋತಿಲಕ್ಷ್ಮಿ ಮೇಡಂ ನೀರುಗಂಟಿಗಳ ಮೀಟಿಂಗ್ ಮಾಡಿದರು. ಮಾರ್ಚಿ ತಿಂಗಳಿಂದ ಟ್ಯಾಂಕು ತೊಳೆದ ದಿನ ಮೇಲಿನ ಮುಚ್ಚಳದ ಪಕ್ಕ ನೀರುಗಂಟಿ ನಿಂತಿರುವ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ. ಬೇರೆ ಊರಲ್ಲಿ ಯಾರೋ ವರ್ಷಗಟ್ಟಲೆ ತೊಳೆಯದೆ ತೊಳೆದೆ ಅಂತ ಬರೆದಿದ್ದರಂತೆ. ಹಗಲು ಬೆಳಕಿನಲ್ಲಿ, ಮುಖ ಕಾಣಬೇಕು.

ಎಲ್ಲರೂ ಆಯ್ತು ಮೇಡಂ ಅಂದರು. ನಾನೂ ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಮನೆಗೆ ಬಂದು ರೂಪನಿಗೆ ಹೇಳಿದೆ. ನಾನೇ ಹತ್ತಬೇಕು, ಇನ್ನು ಎರಡು ತಿಂಗಳಿದೆ ಅಂದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಇನ್ನೊಂದು ಮೊರ ಹಿಟ್ಟು ಸುರಿದುಕೊಂಡಳು. ಆಮೇಲೆ, ಫೋಟೋಗೆ ಅಂತ ನೀವು ಒಂದು ಸಲ ಹತ್ತಿ, ಬಾಕಿ ತಿಂಗಳು ನಾನೇ ಹತ್ತುತ್ತೀನಿ ಅಂದಳು. ಪ್ರತಿ ತಿಂಗಳೂ ಫೋಟೋ ಅಂದೆ. ಜರಡಿ ನಿಂತಿತು.

ನನಗೆ ಆಗುವುದಿಲ್ಲ ಅಂತಲೇ ಅವಳ ಯೋಚನೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ಅವಳಿಗೆ ಎಲ್ಲಿಂದ ಬರಬೇಕು.

ಜನವರಿ 14, ಮಂಗಳವಾರ

310. 320.

ಸಂಕ್ರಾಂತಿ. ಎಳ್ಳು ಬೆಲ್ಲ ಕೊಡಲು ಚೆಲುವಮ್ಮ ಬಂದಿದ್ದರು. ರೂಪ ಕಾಫಿ ಕೊಟ್ಟಳು. ಉಳಿದಿರುವ ಅವ್ವನ ಲೋಟದಲ್ಲೇ ಕೊಡು ಅಂತ ನಾನೇ ಕಣ್ಸನ್ನೆ ಮಾಡಿದ್ದೆ. ಹೆಸರು ಅವರ ಕಡೆ ತಿರುಗುವ ಹಂಗೆ ಇಟ್ಟೆ. ಇದರ ಜೋಡಿ ಎಲ್ಲೋ ಇದೆ ಅಂತ ಗೋಡೆಗೆ ಹೇಳಿದೆ. ಅವರು ಕಾಫಿಗೆ ಸಕ್ಕರೆ ಕಮ್ಮಿ ಅಂದರು. ಗಟ್ಟಿಗಿತ್ತಿ.

ರೂಪ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವಳಿಗೆ ನಾಚಿಕೆ ಆಗಿರಬೇಕು.

ಜನವರಿ 27, ಸೋಮವಾರ

330. 330.

ನಡಿಗೆ ಬೇರೆ, ಹತ್ತುವುದು ಬೇರೆ. ಇಪ್ಪತ್ತು ಮೆಟ್ಟಿಲು ನೆನೆಸಿಕೊಂಡರೆ ಸಾಕು, ಕೂತಲ್ಲೇ ಉಸಿರು ಮೇಲಾಗುತ್ತದೆ. ನಮ್ಮದು ಹೆಂಚಿನ ಮನೆ, ಮೆಟ್ಟಿಲಿಲ್ಲ. ಹನುಮಯ್ಯಣ್ಣನ ಆರ್‌ಸಿಸಿ ಮನೆಗೆ ಹೊರಗಡೆಯಿಂದ ಹದಿನಾರು ಮೆಟ್ಟಿಲು. ನಾಲಕ್ಕು ಸಲ ಹತ್ತಿದರೆ ಅರವತ್ತನಾಲ್ಕು. ದೇವರು ಎಣಿಸಿ ಕಟ್ಟಿಸಿದ ಹಂಗಿದೆ.

ಹನುಮಯ್ಯಣ್ಣನಿಗೆ ಡಾಕ್ಟರು ಹೇಳಿದ್ದಾರೆ ಅಂತಷ್ಟೇ ಹೇಳಿದ್ದೇನೆ. ಒಂದು ವಾರದಿಂದ ಸಂಜೆ ಹತ್ತಿ ಇಳಿಯುತ್ತಿದ್ದೇನೆ. ಎಂಟು ಮೆಟ್ಟಿಲಿಗೆ ಒಂದು ಸಲ ನಿಲ್ಲುವುದು, ಮೂಗಿನಲ್ಲಿ ಎಳೆದು, ಒಲೆ ಊದುವ ಹಂಗೆ ತುಟಿ ಚೂಪು ಮಾಡಿ ಮೆಲ್ಲಗೆ ಬಿಡುವುದು. ಬರಿಗೈಲಿ ಹತ್ತಿದರೆ ಬೀದಿಯವರು ಏನಂದುಕೊಳ್ಳುತ್ತಾರೋ ಅಂತ ಒಂದು ಬಕೆಟ್ ಹಿಡಿದಿರುತ್ತೇನೆ. ನಾಲಕ್ಕನೇ ದಿನಕ್ಕೆ ಬೀದಿಯವರು, ಶಾಂತರಾಜು ಹನುಮಯ್ಯನ ಮನೆ ಮೇಲೆ ಏನೋ ಒಣಗಾಕವ್ನೆ ಅಂತ ಮಾತಾಡುತ್ತಿದ್ದರಂತೆ. ಏನು ಒಣಗಾಕಿದ್ದೀನಿ ಅಂತ ನೋಡಲು ಇಬ್ಬರು ಹತ್ತಿ ಬಂದರು.

ಮೆಟ್ಟಿಲ ಪಕ್ಕವೇ ಚೆಲುವಮ್ಮನ ಅಡಿಗೆಮನೆ ಕಿಟಕಿ. ನಿಂತು ಉಸಿರು ಬಿಡುವಾಗ ಕಣ್ಣು ಪಾತ್ರೆ ಸ್ಟ್ಯಾಂಡಿನ ಕಡೆಗೇ ಹೋಗುತ್ತದೆ. ಲೋಟ ಹದಿನಾಲ್ಕಿವೆ. ಹೆಸರು ಅಷ್ಟು ದೂರಕ್ಕೆ ಕಾಣುವುದಿಲ್ಲ. ಚೆಲುವಮ್ಮ ದಿನಾ ಒಂದು ತಟ್ಟೆ ಉಪ್ಪಿಟ್ಟು ಕೊಡುತ್ತಾರೆ. ತಪ್ಪು ಮಾಡಿದವರ ಮನಸ್ಸು ಹಂಗೇ.

ಫೆಬ್ರವರಿ 2, ಭಾನುವಾರ

340.

ಟ್ಯಾಂಕಿನ ದಿನ. ಇದೇ ಕೊನೇ ಸಲ ಅವಳು ಒಬ್ಬಳೇ ಹತ್ತುವುದು. ಹೋಗುವಾಗ ಮುಖ ಸಣ್ಣಗಿತ್ತು. ಹೆದರಿಕೆ ಇರಬೇಕು, ನನ್ನ ಬಗ್ಗೆ.

ಬ್ರಷ್ಷಿನ ಸದ್ದು ನಿಂತಿತು. ಹತ್ತು ನಿಮಿಷವಲ್ಲ, ಇವತ್ತು ಇಪ್ಪತ್ತು ನಿಮಿಷ ಸದ್ದಿಲ್ಲ. ಕೂಗಿದೆ. ಆಮೇಲೆ ಏನಾಯಿತೋ, ಕಂಬಿ ಹಿಡಿದಿದ್ದ ಕೈ ಮೆಟ್ಟಿಲು ಹಿಡಿಯಿತು. ಇಪ್ಪತ್ತು ದಾಟಿದ್ದು ಕಟ್ಟೆಗೆ ಬಂದ ಮೇಲೆ ಗೊತ್ತಾಯಿತು. ಮೂವತ್ತೆರಡು. ಅಷ್ಟರಲ್ಲಿ ಮೇಲೆ ಅವಳ ಕಾಲು ಕಂಡಿತು. ಕಂಡದ್ದೇ ಸರಸರ ಇಳಿದು ಮೊದಲಿನ ಹಂಗೆ ಕಂಬಿ ಹಿಡಿದು ನಿಂತೆ. ಅವಳಿಗೆ ಗೊತ್ತಾಗಲಿಲ್ಲ.

ಬಂದು ಊದಿದೆ. 350. ಉಬ್ಬಸ ಇಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅದು ಬೇರೆ ಥರ.

ಫೆಬ್ರವರಿ 19, ಬುಧವಾರ

380. ಸಂಜೆಯದು ಆಮೇಲೆ ಊದಬೇಕು.

ಮಾಲಿನಿ ಮೇಡಂಗೆ ನಿಜ ಹೇಳಿಬಿಟ್ಟೆ. ಹತ್ತುತ್ತಿರುವುದು ಹೆಂಡತಿ, ಮೂರು ತಿಂಗಳಿಂದ ನಿಮಗೆ ಸುಳ್ಳು ಹೇಳಿದ್ದೆ ಅಂತ. ಕೇಳಿ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಮೊದಲೇ ಹೇಳಿದ್ದರೆ ನಿಮಗೆ ಹತ್ತು ನಿಮಿಷದ ನಡಿಗೆ ಬರೆಯುತ್ತಿದ್ದೆ ಅಂದರು.

ಎದೆ ನೋಡಿದರು, ಊದಿಸಿದರು, ಆಸ್ಪತ್ರೆ ಮೆಟ್ಟಿಲು ಮೂರು ಸಲ ಹತ್ತಿಸಿ ಮತ್ತೆ ಊದಿಸಿದರು. ಹತ್ತಬಹುದು. ಆದರೆ ಮೂರು ಮಾತು. ಕಾಲು ಗಂಟೆ ಮುಂಚೆ ನೀಲಿ ಪಂಪು. ಒಬ್ಬನೇ ಹತ್ತಬಾರದು. ಬ್ಲೀಚಿಂಗ್ ಪೌಡರು ಮುಟ್ಟಬಾರದು, ಅದರ ಗಾಳಿ ನನಗೆ ಯಾವತ್ತಿಗೂ ಆಗುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಪೌಡರು ಹಾಕದ ಮೇಲೆ ನಾನು ಎಂಥಾ ನೀರುಗಂಟಿ.

ಪಕ್ಕದ ಸೀಟಿನ ಮುದುಕನಿಗೆ ಏದುಸಿರು ಬರುತ್ತಿತ್ತು. ಯಾವ ಪಂಪು ಅಂತ ಕೇಳಿದೆ. ನೀಲಿ ಒಂದೇ ಅಂತೆ. ಮೋಟ್ರಿನ ಲೆಕ್ಕ ಹೇಳಿ, ಮಾಲಿನಿ ಮೇಡಂ ಹತ್ತಿರ ಹೋಗಿ ತೋರಿಸಿ ಅಂದೆ. ಆ ಮಾತಲ್ಲಿ ಇಳಿಯುವ ಸ್ಟಾಪು ದಾಟಿ ಹೋಗಿತ್ತು. ಒಂದೂವರೆ ಮೈಲಿ ವಾಪಸ್ ನಡೆದು ಬಂದೆ.

ಮಾರ್ಚಿ 2, ಭಾನುವಾರ

390.

ಬೆಳಿಗ್ಗೆ ಎಂಟಕ್ಕೆ ಹೋದೆವು. ಹಗಲು. ಆರು ವರ್ಷದಲ್ಲಿ ಮೊದಲ ಸಲ ಯಾರಿಗೂ ಬಚ್ಚಿಟ್ಟುಕೊಳ್ಳದೆ. ಹನುಮಯ್ಯಣ್ಣ, ಚೆಲುವಮ್ಮ ಕೆಳಗೆ ಬಂದು ನಿಂತರು. ಮುಂದೆ ನಾನು, ಹಿಂದೆ ಬಟ್ಟೆ ಚೀಲದಲ್ಲಿ ಮೊಬೈಲೂ ಹಾಕಿಕೊಂಡು ರೂಪ.

ಇಪ್ಪತ್ತು ದಾಟಿದೆ. ಕಟ್ಟೆಯಲ್ಲಿ ನಿಂತು ಒಲೆ ಊದುವ ಉಸಿರು ನಾಲಕ್ಕು ಸಲ. ಕೆಳಗೆ ನೋಡಬೇಡ ಅಂತ ಹನುಮಯ್ಯಣ್ಣ ಕೂಗಿದ. ಅವನು ಕೂಗಿದ್ದಕ್ಕೇ ನೋಡಿದೆ.

ನಲವತ್ತೊಂದನೇ ಮೆಟ್ಟಿಲಿಗೆ ಸೀನು ಹಿಡಿಯಿತು. ಟ್ಯಾಂಕಿನ ಪಕ್ಕದ ಹೊಂಗೆ ಮರ ಆಗಲೇ ಹೂ ಬಿಟ್ಟಿದೆ, ಅದರ ತಲೆ ಸರಿಯಾಗಿ ಆ ಎತ್ತರಕ್ಕಿದೆ. ಮಾಸ್ಕು ಜೇಬಿನಲ್ಲಿ, ಕೈ ಎರಡೂ ಕಂಬಿಯಲ್ಲಿ. ಸೀನಿದಾಗೆಲ್ಲ ಏಣಿ ಅಲುಗಾಡುತ್ತಿತ್ತು. ಕಣ್ಣಲ್ಲಿ ನೀರು. ಇಲ್ಲೇ ತಬ್ಬಿಕೊಂಡು ಉಳಿಯುತ್ತೇನೆ, ಇವಳು ಕಾಲು ಹಿಡಿದು ಇಳಿಸಬೇಕು, ಊರೆಲ್ಲಾ ನೋಡುತ್ತಿದೆ ಅಂತ ಅನ್ನಿಸಿತು.

ಕೆಳಗಿಂದ ರೂಪನ ದನಿ ಬಂತು.

"ಪೂರ್ತಿ ಸೀನ್ಬುಡಿ. ಆತ್ರ ಇಲ್ಲ. ಮುಗಿದ ಮೇಲೆ ಕಾಲೆತ್ತಿ."

ಒಂಬತ್ತು ಸೀನು. ಮುಗಿಯಿತು. ಕಾಲೆತ್ತಿದೆ.

ಅರವತ್ತನಾಲ್ಕು.

ಮೇಲೆ ದುಂಡಗಿನ ಸಿಮೆಂಟಿನ ಚಾವಣಿ, ಸುತ್ತ ಮೊಣಕಾಲೆತ್ತರದ ಕಟ್ಟೆ. ಮೊದಲು ಉಸಿರು ನೋಡಿಕೊಂಡೆ. ಇತ್ತು. ಆಮೇಲೆ ತಲೆ ಎತ್ತಿದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಒಂದು ಕಡೆ ಸಕ್ಕರೆ ಫ್ಯಾಕ್ಟರಿ ಚಿಮಣಿ, ಮಧ್ಯೆ ನಾನು ದಿನಾ ನಡೆಯುವ ನಾಲೆ. ನಾನು ನೀರು ಬಿಡುವ ಬೀದಿಗಳೆಲ್ಲ ಒಂದೇ ಸಲ ಕಂಡವು. ಇಷ್ಟು ಚಿಕ್ಕ ಊರಿಗೆ ಇಷ್ಟು ಜಗಳವೇ ಅನ್ನಿಸಿತು.

ಮುಚ್ಚಳದ ಪಕ್ಕ ನೆರಳಿರುವ ಕಡೆ ಒಂದು ಗೋಣಿ ತಾಟು ಮಡಿಚಿಟ್ಟಿತ್ತು. ಪಕ್ಕದಲ್ಲಿ ಗಾಳಿಗೆ ಅರ್ಧ ಅಳಿಸಿದ ರಂಗೋಲಿ. ರಂಗೋಲಿ ಪಕ್ಕ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದ ಸ್ಟೀಲ್ ಲೋಟ. ಕಲ್ಲು ತೆಗೆದು ತಿರುಗಿಸಿದೆ. ದೊಡ್ಡಬಸಮ್ಮ.

ರೂಪ ಹತ್ತಿ ಬಂದಳು. ನನ್ನ ಕೈ ನೋಡಿದಳು. ಬೆಟ್ಟದ ಕಡೆ ತಿರುಗಿದಳು.

"ಟೀ ಕುಡಿಯಕ್ಕೆ ತಂದಿದ್ದೆ," ಅಂದಳು. "ಇಲ್ಲೇ ಇರ್ಲಿ ಅಂತ ಬುಟ್ಟೆ."

ಪ್ರತಿ ತಿಂಗಳೂ ಚೀಲದಲ್ಲಿ ಬ್ರಷ್ಷಿನ ಜೊತೆ ಸಣ್ಣ ಫ್ಲಾಸ್ಕು ಬರುತ್ತಿತ್ತಂತೆ. ತೊಳೆದು ಮುಗಿಸಿ, ಗೋಣಿ ತಾಟು ಹಾಸಿ, ಹೊತ್ತು ಹುಟ್ಟುವುದು ನೋಡಿಕೊಂಡು ಹತ್ತು ನಿಮಿಷ ಟೀ. ನಾನು ಕೆಳಗೆ ಕಂಬಿ ಹಿಡಿದು ಬೆವರುತ್ತಿದ್ದ ಅದೇ ಹತ್ತು ನಿಮಿಷ.

"ಇಲ್ಲಿ ಯಾರೂ ನನ್ನ ಕೂಗಕಿಲ್ಲ ಕಣ್ರಿ."

"ನಾನು ಕೂಗ್ತಿದ್ನಲ್ಲ."

"ಕೇಳ್ತಿತ್ತು," ಅಂದಳು. "ಸುಮ್ನೆ ಕೂತಿರ್ತಿದ್ದೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೋದ ತಿಂಗಳು ಇಪ್ಪತ್ತು ನಿಮಿಷ ಯಾಕೆ ಅಂತ ಕೇಳಿದೆ. ಇನ್ನು ಮೇಲೆ ಬರುವ ಹಂಗಿಲ್ಲವಲ್ಲ ಅಂತ ಎರಡನೇ ಲೋಟ ಬಗ್ಗಿಸಿಕೊಂಡಳಂತೆ. ಅಷ್ಟರಲ್ಲಿ ನೀವು ಕಟ್ಟೆ ತನಕ ಹತ್ತಿ ಬಂದದ್ದು ನೋಡಿದೆ, ಅದಕ್ಕೇ ಇಳಿದೆ ಅಂದಳು. ನನಗೆ ಗೊತ್ತಿಲ್ಲದಂತೆ ಅವಳಿಗೆ ಎಲ್ಲಾ ಗೊತ್ತಿತ್ತು.

ಫ್ಲಾಸ್ಕು ಇವತ್ತೂ ಇತ್ತು. ಗಾಳಿ ಬರುವ ಕಡೆ ನನ್ನನ್ನು ನಿಲ್ಲಿಸಿ ಅವಳು ಉಜ್ಜಿ ತೊಳೆದು ಪೌಡರು ಹಾಕಿದಳು, ನಾನು ಮುಚ್ಚಳ ಎತ್ತಿ ಹಿಡಿದೆ. ಆಮೇಲೆ ಒಂದೇ ಲೋಟದಲ್ಲಿ ಸರದಿ ಮೇಲೆ ಕುಡಿದೆವು. ಅವಳು ಫೋಟೋ ತೆಗೆದಳು. ಎದೆ ಉಬ್ಬಿಸಿ ನಿಂತಿದ್ದೇನೆ. ಕೆಳಗೆ ಬಂದು ಗ್ರೂಪಿಗೆ ಹಾಕಿದ ಮೇಲೆ ಹನುಮಯ್ಯಣ್ಣ ತೋರಿಸಿದ. ಫೋಟೋದಲ್ಲಿ ನನ್ನ ಕೈಲಿ ಲೋಟ ಇದೆ.

ಮಾರ್ಚಿ 3, ಸೋಮವಾರ

ಪಿಡಿಓ ಮೇಡಂ ಕರೆಸಿದರು. ಮೊಬೈಲು ನನ್ನ ಕಡೆ ತಿರುಗಿಸಿ, ಫೋಟೋ ದೊಡ್ಡದು ಮಾಡಿ ತೋರಿಸಿದರು.

"ತೊಳೆಯೋಕೆ ಹೋಗಿದ್ರಾ, ಟೀ ಕುಡಿಯೋಕೆ ಹೋಗಿದ್ರಾ?"

ಬಾಯಾರಿಕೆ ಆಗಿತ್ತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಹಂಗಂದರೆ ಮುಂದಿನ ತಿಂಗಳಿಂದ ರೂಪ ಕೆಳಗೆ ಕಂಬಿ ಹಿಡಿದು ನಿಲ್ಲಬೇಕು. ಅದಕ್ಕೇ ಆ ಲೋಟ ನಂದಲ್ಲ, ನನ್ನ ಹೆಂಡತಿದು ಅಂದೆ. ಅಲ್ಲಿಂದ ಶುರು ಮಾಡಿ ಆರು ವರ್ಷದ್ದೆಲ್ಲಾ ಹೇಳಿದೆ. ಉಬ್ಬಸ, ಇಪ್ಪತ್ತನೇ ಮೆಟ್ಟಿಲು, ಕತ್ತಲಲ್ಲಿ ಹತ್ತಿಸಿದ್ದು, ಪೌಡರು ನನಗಾಗದ್ದು. ಕೆಲಸ ಹೋದರೆ ಹೋಗಲಿ ಅಂತಲ್ಲ. ಹೋದರೆ ಏನು ಗತಿ ಅಂತ ಗೊತ್ತಿದ್ದೇ ಹೇಳಿದೆ.

ಮೇಡಂ ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಹೆಂಗಸನ್ನ ಕತ್ತಲಲ್ಲಿ ಬೆಲ್ಟಿಲ್ಲದೆ ಹತ್ತಿಸಿದ್ದಕ್ಕೆ ನಿಮಗೆ ನೋಟಿಸ್ ಕೊಡಬೇಕು ಅಂದರು. ಆಮೇಲೆ ಹಳೇ ನೀರಿನ ಟೆಸ್ಟ್ ರಿಪೋರ್ಟುಗಳನ್ನು ತರಿಸಿ ನೋಡಿದರು. ಆರು ವರ್ಷದಲ್ಲಿ ಒಂದೂ ಕೆಟ್ಟದ್ದಿಲ್ಲ.

"ಸ್ವಚ್ಛತೆ ರಿಜಿಸ್ಟರಿನಲ್ಲಿ ಇಬ್ಬರ ಹೆಸರೂ ಬರೀರಿ. ಸೊಂಟದ ಬೆಲ್ಟು ಎರಡು ತರಿಸ್ತೀನಿ. ಮುಂದಿನ ತಿಂಗಳು ಇಬ್ಬರೂ ಇರೋ ಫೋಟೋ ಹಾಕಿ." ಬಾಗಿಲ ತನಕ ಬಂದಿದ್ದೆ, ಮತ್ತೆ ಕರೆದರು. "ಲೋಟ ಕಾಣದ ಹಂಗೆ."

ಸಂಜೆ ಚೆಲುವಮ್ಮನ ಹತ್ತಿರ ಹೋದೆ. ಮೂರು ವರ್ಷ ನಿಮ್ಮ ಮೇಲೆ ಅನುಮಾನಪಟ್ಟಿದ್ದೆ ಅಂತ ಹೇಳುವುದು ಟ್ಯಾಂಕಿಗಿಂತ ಕಷ್ಟ ಆಯಿತು. ಅವರು "ಕಿಟಕೀಲಿ ಬಗ್ಗಿ ಬಗ್ಗಿ ನೋಡ್ತಿದ್ದದ್ದು ಲೋಟಾನಾ? ನಾನು ಹಸ್ಕಂಡು ನಿಂತವ್ನೆ ಪಾಪ ಅಂತ ದಿನಾ ಉಪ್ಪಿಟ್ಟು ಮಾಡಿ ಮಾಡಿ ಸಾಕಾಯ್ತು ಕಣಪ್ಪ," ಅಂದರು. ಆಮೇಲೆ ಇವತ್ತಿನ ಉಪ್ಪಿಟ್ಟೂ ಕೊಟ್ಟರು.

ಏಪ್ರಿಲ್ 6, ಭಾನುವಾರ

ಬಹಳ ದಿನ ಆಯಿತು ಬರೆದು. ಪುಸ್ತಕ ಅಕ್ಕಿ ಡ್ರಮ್ಮಿನ ಹಿಂದೆ ಇದ್ದದ್ದೇ ಮರೆತಿತ್ತು. ಇಲಿ ಒಂದು ಮೂಲೆ ಕಡಿದಿದೆ.

ಇವತ್ತು ರಾಮನವಮಿ, ಟ್ಯಾಂಕಿನ ದಿನವೂ ಹೌದು. ಕಂದು ಪಂಪು, ನೀಲಿ ಪಂಪು, ಮಾಸ್ಕು, ಬೆಲ್ಟು ಹಾಕಿಕೊಂಡು ಇಬ್ಬರೂ ಹತ್ತಿದೆವು. ಕಟ್ಟೆಯಲ್ಲಿ ಒಂದು ಸಲ ನಿಂತೆ, ರೂಪನಿಗಾಗಿ. ಬೆಲ್ಟಿನ ಕೊಂಡಿ ಅವಳ ಸೆರಗಿಗೆ ಸಿಕ್ಕಿಕೊಂಡಿತ್ತು. ಹೊಂಗೆಗೆ ಎರಡೇ ಸೀನು. ನಾನು ಬ್ರಷ್ಷು ಹಾಕಿದೆ, ಅವಳು ಪೌಡರು. ಫೋಟೋ ತೆಗೆದೆವು, ಅರ್ಧ ನನ್ನ ಕಿವಿ ಬಂದಿದೆ. ಮೇಡಂ ಆಗಬಹುದು ಅಂದಿದ್ದಾರೆ.

ಫ್ಲಾಸ್ಕಿನಲ್ಲಿ ಪಾನಕ ಇತ್ತು. ಮನೆಯಲ್ಲಿದ್ದ ಅವ್ವನ ಇನ್ನೊಂದು ಲೋಟವನ್ನು ನಾನೇ ಚೀಲಕ್ಕೆ ಹಾಕಿದ್ದೆ. ಗೋಣಿ ತಾಟಿನ ಮೇಲೆ ಕೂತು ಕುಡಿದೆವು. ಕೆಳಗಿಂದ ಹನುಮಯ್ಯಣ್ಣ ಶಾಂತರಾಜೂ ಅಂತ ಕೂಗಿದ. ಎರಡು ಸಲ ಕೂಗಿದ. ರೂಪ ನನ್ನ ಮುಖ ನೋಡಿದಳು. ಸುಮ್ಮನೆ ಕೂತಿದ್ದೆ.

ಇಳಿಯುವಾಗ ಲೋಟ ಎರಡನ್ನೂ ತೊಳೆದು ಬೋರಲು ಹಾಕಿ ಕಲ್ಲು ಹೇರಿ ಬಂದೆವು. ಸಂಜೆ ನೆಂಟರು ಬಂದಾಗ ಕಾಫಿಗೆ ಲೋಟ ಸಾಲದೆ ರೂಪ ಚೆಲುವಮ್ಮನ ಮನೆಯಿಂದ ಎರಡು ತಂದಳು. ವಾಪಸ್ ಕೊಡಲಿಲ್ಲ ಇನ್ನೂ. ನಾಳೆ ಕೊಟ್ಟರಾಯಿತು.

ಊದುವುದು ಮರೆತೆ.